ಜಾಮೀನು ನಿಲ್ಲುವವರು ಯಾರು?



ನಮ್ಮೂರುಗಳ ಸಹಕಾರ ಸಂಘದಲ್ಲಿ ಸಾಲಕ್ಕೆ ಅರ್ಜಿ ಹಾಕಿದವರೆಲ್ಲ ಒಂದು ಪ್ರಶ್ನೆಯನ್ನು ಎದುರಿಸಿರುತ್ತಾರೆ: ಜಾಮೀನು ಯಾರು? ಎಷ್ಟು ದುಡಿಯುತ್ತೀರಿ, ಏನು ಬಲ್ಲಿರಿ ಎಂಬುದೆಲ್ಲ ಆಮೇಲಿನ ಮಾತು. ನಿಮ್ಮ ಪರವಾಗಿ ಸಹಿ ಹಾಕಲು ಇಬ್ಬರು ಮುಂದೆ ಬರುತ್ತಾರೆಯೇ ಎಂಬುದು ಮೊದಲು ತೀರ್ಮಾನವಾಗಬೇಕು. ಉದ್ಯಮದ ಎತ್ತರದ ಹುದ್ದೆಗಳಲ್ಲಿರುವ ಮಹಿಳೆಯರು ಭಾರತ ಮತ್ತು ಅಮೆರಿಕದ ನಡುವೆ ಕಟ್ಟಿಕೊಂಡ ಸಂಬಂಧಗಳ ಬಗ್ಗೆ ಇಂದು ಮಾತಾಡಬೇಕೆಂದಾಗ ನನಗೆ ಹೊಳೆದದ್ದು ಇದೇ ಪ್ರಶ್ನೆ. ಇಂಥ ಸಂಬಂಧಗಳನ್ನು ಕುರಿತ ಭಾಷಣಗಳಲ್ಲಿ ಸ್ಫೂರ್ತಿ, ಸಬಲೀಕರಣ, ಸಹೋದರಿತ್ವ ಎಂಬ ಮಾತುಗಳು ಬಹಳ ಬರುತ್ತವೆ. ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ವ್ಯವಹಾರ ನಡೆಯುವುದು ಜಾಮೀನಿನ ಮೇಲೆ. ಹೆಣ್ಣುಮಕ್ಕಳಿಗೆ ಎರಡೂ ದೇಶಗಳಲ್ಲಿ ಬಹುಕಾಲ ಸಿಗದೇ ಹೋದದ್ದು ಅದೇ.

ಅಮೆರಿಕದಿಂದ ಆರಂಭಿಸುತ್ತೇನೆ, ಏಕೆಂದರೆ ಆ ದೇಶ ಈ ವಿಷಯದಲ್ಲಿ ನಮಗಿಂತ ನೂರು ವರ್ಷ ಮುಂದಿತ್ತು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಅಲ್ಲಿ ಸಾಲ ಕೊಡುವಾಗ ಹೆಣ್ಣು ಗಂಡು ಎಂಬ ಭೇದ ಮಾಡಬಾರದೆಂಬ ಕಾನೂನು ಬಂದದ್ದು 1974ರಲ್ಲಿ. ಅದರ ನಂತರವೂ ಮಹಿಳೆ ತನ್ನ ಉದ್ಯಮಕ್ಕೆ ಸಾಲ ಕೇಳಿದರೆ ಗಂಡನೋ ತಂದೆಯೋ ಅಣ್ಣನೋ ಸಹಿ ಹಾಕಬೇಕೆಂಬ ನಿಯಮ ಕೆಲವು ರಾಜ್ಯಗಳಲ್ಲಿ ಉಳಿದುಕೊಂಡಿತ್ತು. ಅದು ಹೋದದ್ದು 1988ರ ಮಹಿಳಾ ಉದ್ಯಮ ಒಡೆತನ ಕಾಯ್ದೆಯಿಂದ. ಆ ಹೊತ್ತಿಗೆ ಅಮೆರಿಕದ ಕಂಪನಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಮೂರು ವರ್ಷವಾಗಿತ್ತು! ರೋಟರಿ ಕ್ಲಬ್ಬಿನ ಕತೆಯೂ ಅದೇ ಕಾಲದ್ದು. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನ ರೋಟರಿ ಕ್ಲಬ್ಬು ಮಹಿಳೆಯರನ್ನು ಸದಸ್ಯರನ್ನಾಗಿ ಮಾಡಿಕೊಂಡಿತೆಂದು ಕೇಂದ್ರ ಸಂಸ್ಥೆ ಅದರ ಮಾನ್ಯತೆಯನ್ನೇ ಕಿತ್ತುಕೊಂಡಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 1987ರಲ್ಲಿ ಮಹಿಳೆಯರ ಪರವಾಗಿ ತೀರ್ಪು ಬಂತು. ಕ್ಲಬ್ಬಿನ ಊಟ ಬರೀ ಊಟವಲ್ಲ, ಗಿರಾಕಿಯೂ ಗುತ್ತಿಗೆಯೂ ಬ್ಯಾಂಕ್ ಮ್ಯಾನೇಜರೂ ಸಿಗುವ ಜಾಗ ಎಂಬುದನ್ನು ನ್ಯಾಯಾಲಯ ಒಪ್ಪಿಕೊಂಡಿತು.

ಇನ್ನೂ ಈಚಿನ ಉದಾಹರಣೆ ಬೇಕೆಂದರೆ, ಜಾರ್ಜಿಯಾ ರಾಜ್ಯದ ಆಗಸ್ಟಾ ಗಾಲ್ಫ್ ಕ್ಲಬ್ಬು. ಅಲ್ಲಿನ ಮಾಸ್ಟರ್ಸ್ ಪಂದ್ಯಾವಳಿಗೆ ಐಬಿಎಂ ಪ್ರಾಯೋಜಕ. ಐಬಿಎಂನ ಹಿಂದಿನ ಹಲವು ಮುಖ್ಯಸ್ಥರು ಆ ಕ್ಲಬ್ಬಿನ ಸದಸ್ಯರಾಗಿದ್ದರು. 2012ರ ಜನವರಿಯಲ್ಲಿ ವರ್ಜಿನಿಯಾ ರೊಮೆಟ್ಟಿ ಐಬಿಎಂನ ಮುಖ್ಯಸ್ಥೆಯಾದಾಗ ಆ ಕ್ಲಬ್ಬಿನಲ್ಲಿ ಒಬ್ಬ ಮಹಿಳಾ ಸದಸ್ಯೆಯೂ ಇರಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿಯಾಗಿದ್ದ ಕಾಂಡೊಲೀಸಾ ರೈಸ್ ಮತ್ತು ಉದ್ಯಮಿ ಡಾರ್ಲಾ ಮೂರ್ ಮೊದಲ ಸದಸ್ಯೆಯರಾದರು. ಜಗತ್ತಿನ ದೊಡ್ಡ ಕಂಪನಿಯೊಂದರ ಅಧಿಪತ್ಯ ಕೈಗೆ ಬಂದರೂ ಆ ಹುದ್ದೆಯ ಜೊತೆ ಬರುತ್ತಿದ್ದ ಬಳಗ ಮಾತ್ರ ತಾನಾಗಿ ಬರಲಿಲ್ಲ.

ಈಗ ಬೆಂಗಳೂರಿಗೆ ಬರೋಣ. ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್ ಷಾ ಅವರ ಆರಂಭದ ದಿನಗಳು ನಿಮಗೆ ಸ್ಥೂಲವಾಗಿ ಗೊತ್ತೇ ಇವೆ. ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರ ಓದಿದರು, ಆ ತರಗತಿಯಲ್ಲಿ ಇದ್ದ ಒಬ್ಬಳೇ ಹೆಣ್ಣುಮಗಳು, ತರಗತಿಗೆ ಮೊದಲಿಗರೂ ಅವರೇ. ತಂದೆ ಯುನೈಟೆಡ್ ಬ್ರುವರೀಸ್‌ನ ಮುಖ್ಯ ಬ್ರೂಮಾಸ್ಟರ್. ಇಷ್ಟಿದ್ದರೂ ಭಾರತಕ್ಕೆ ಮರಳಿದಾಗ ಅದು ಗಂಡಸರ ಕೆಲಸವೆಂಬ ಉತ್ತರ ಸಿಕ್ಕಿತು. ಅವರ ಕೈ ಹಿಡಿದವರು ಐರ್ಲೆಂಡಿನ ಕಾರ್ಕ್ ನಗರದ ಬಯೋಕಾನ್ ಬಯೋಕೆಮಿಕಲ್ಸ್ ಸ್ಥಾಪಿಸಿದ್ದ ಲೆಸ್ಲಿ ಆಕಿನ್‌ಕ್ಲಾಸ್. 1978ರಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಿಂದ, ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಇಂಡಿಯಾ ಶುರುವಾಯಿತು. ಆಗಿನ ನಿಯಮಗಳ ಪ್ರಕಾರ ಐರಿಷ್ ಪಾಲು ಶೇ 30ನ್ನು ದಾಟುವಂತಿರಲಿಲ್ಲ, ಉಳಿದದ್ದು ಕಿರಣ್ ಅವರದು. ಪಪಾಯದಿಂದ ಪಪೈನ್, ಮೀನಿನಿಂದ ಐಸಿಂಗ್ಲಾಸ್ ತಯಾರಿಸಿ ಒಂದೇ ವರ್ಷದಲ್ಲಿ ಅಮೆರಿಕ, ಯುರೋಪಿಗೆ ಕಳಿಸಿದರು. ಬ್ಯಾಂಕುಗಳು ಮಾತ್ರ ಹಿಂಜರಿದವು. ತಂದೆಯ ಆಸ್ತಿಯ ಭದ್ರತೆ ಇಲ್ಲದೆ, ಇಪ್ಪತ್ತೈದು ವರ್ಷದ ಹೆಣ್ಣುಮಗಳಿಗೆ, ಯಾರೂ ಕೇಳರಿಯದ ಕಿಣ್ವದ ವ್ಯವಹಾರಕ್ಕೆ ಸಾಲ ಹೇಗೆ ಕೊಡುವುದು? ಕೊನೆಗೆ ಮೊದಲ ಸಾಲದ ದಾರಿ ತೆರೆದದ್ದು ಒಂದು ಸಮಾರಂಭದಲ್ಲಿ ಆಕಸ್ಮಿಕವಾಗಿ ಭೇಟಿಯಾದ ಬ್ಯಾಂಕ್ ಅಧಿಕಾರಿಯಿಂದ. ಹೊಸ ಬಗೆಯ ಹುದುಗುವಿಕೆ ತಂತ್ರಜ್ಞಾನವನ್ನು ಬೆಳೆಸಲು 1987ರಲ್ಲಿ ಐಸಿಐಸಿಐನ ನಾರಾಯಣನ್ ವಾಘುಲ್ ನೆರವಾದರು.

ಈ ಕತೆಯಲ್ಲಿ ನನ್ನ ಗಮನ ಸೆಳೆಯುವುದು ಜಾಮೀನು ಬಂದ ದಿಕ್ಕು. ಸ್ವಂತ ಊರು ನಂಬದವರನ್ನು ದೂರದ ಊರೊಂದು ನಂಬಿತು. ಇದು ಬರೀ ಅದೃಷ್ಟವಲ್ಲ, ಇದಕ್ಕೆ ಕಾರಣವಿದೆ. ನಮ್ಮ ಊರಿನ ನಂಬಿಕೆಯ ಜಾಲ ಜಾತಿ, ಮನೆತನ, ಕಾಲೇಜು, ಕ್ಲಬ್ಬು ಇವುಗಳ ಮೇಲೆ ಕಟ್ಟಿದ್ದು. ಅದರಲ್ಲಿ ಹೆಣ್ಣಿನ ಜಾಗ ಮೊದಲೇ ಗೊತ್ತುಮಾಡಲಾಗಿದೆ. ಹೊರಗಿನವರಿಗೆ ಆ ನಕ್ಷೆ ಗೊತ್ತಿಲ್ಲ, ಅವರು ಕೆಲಸ ನೋಡುತ್ತಾರೆ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿ ಬರೆದ ಹೆಸರಾಂತ ಪ್ರಬಂಧದ ತಿರುಳೂ ಇದಕ್ಕೆ ಹತ್ತಿರವಾದದ್ದೇ: ಹೊಸ ಅವಕಾಶದ ಸುದ್ದಿ ಆಪ್ತರಿಂದ ಬರುವುದಕ್ಕಿಂತ ದೂರದ ಪರಿಚಯದವರಿಂದ ಬರುವುದು ಹೆಚ್ಚು. ಮಹಿಳೆಯರ ವಿಷಯದಲ್ಲಿ ನಾನು ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ. ದೂರದ ಪರಿಚಯ ಸುದ್ದಿಯನ್ನಷ್ಟೇ ತರುವುದಿಲ್ಲ, ಹತ್ತಿರದವರು ತಡೆಹಿಡಿದ ಮರ್ಯಾದೆಯನ್ನೂ ತರುತ್ತದೆ.

ಬೆಂಗಳೂರು ಮತ್ತು ಕ್ಯಾಲಿಫೋರ್ನಿಯಾದ ನಡುವಿನ ಚರಿತ್ರೆಯಲ್ಲಿ ಇದನ್ನು ಮತ್ತೆ ಮತ್ತೆ ಕಾಣಬಹುದು. ಚೆನ್ನೈನ ರಾಧಾ ಬಸು 1980ರ ದಶಕದಲ್ಲಿ ಎಚ್‌ಪಿ ಕಂಪನಿಯ ಸಾಫ್ಟ್‌ವೇರ್ ಕೇಂದ್ರವನ್ನು ಬೆಂಗಳೂರಿನಲ್ಲಿ ಕಟ್ಟಿದರು. ಆಗ ಇಲ್ಲಿ ಫೋನ್ ಸಂಪರ್ಕಕ್ಕೇ ವರ್ಷಗಟ್ಟಲೆ ಕಾಯಬೇಕಿತ್ತು. ಇಲ್ಲಿನ ಎಂಜಿನಿಯರುಗಳಿಂದ ಈ ಕೆಲಸ ಆಗುತ್ತದೆ ಎಂದು ಅಮೆರಿಕದ ಕಂಪನಿಗೆ ಭರವಸೆ ಕೊಡುವವರು ಬೇಕಿತ್ತು. ಇದು ನಿಂತುಹೋಗುವ ಪ್ರಯೋಗವಲ್ಲ ಎಂದು ಇಲ್ಲಿನ ಅಧಿಕಾರಿಗಳಿಗೆ ಹೇಳುವವರೂ ಬೇಕಿತ್ತು. ಎರಡೂ ಕಡೆ ಜಾಮೀನು ನಿಂತವರು ಒಬ್ಬ ಮಹಿಳೆ. ಮುಂದೆ ಅವರು ಸಪೋರ್ಟ್ ಡಾಟ್ ಕಾಮ್ ಎಂಬ ಕಂಪನಿಯ ಮುಖ್ಯಸ್ಥೆಯಾಗಿ 2000ದಲ್ಲಿ ಅದನ್ನು ಷೇರುಪೇಟೆಗೆ ಒಯ್ದರು. ಇಂಟೆಲ್ ಇಂಡಿಯಾವನ್ನು 2012ರಿಂದ ಕುಮುದ್ ಶ್ರೀನಿವಾಸನ್, 2016ರಿಂದ ನಿವೃತ್ತಿ ರೈ ಮುನ್ನಡೆಸಿದರು. ಇಬ್ಬರೂ ಅಮೆರಿಕದ ಇಂಟೆಲ್‌ನಲ್ಲಿ ಬೆಳೆದು ಇಲ್ಲಿಗೆ ಬಂದವರು. ಸಿಲಿಕಾನ್ ವ್ಯಾಲಿಯಲ್ಲಿ ಕಂಪನಿಗಳನ್ನು ಕಟ್ಟಿದ್ದ ವಾಣಿ ಕೋಲಾ 2006ರಲ್ಲಿ ಬೆಂಗಳೂರಿಗೆ ಮರಳಿ, ಅಮೆರಿಕದ ಎನ್‌ಇಎ ಸಂಸ್ಥೆಯ ಜೊತೆಗೂಡಿದ ಬಂಡವಾಳ ನಿಧಿಯಲ್ಲಿ ತೊಡಗಿದರು. ಅದೇ ಮುಂದೆ ಕಲಾರಿ ಕ್ಯಾಪಿಟಲ್ ಆಯಿತು. ಹಣ ಬೇಡುವ ಕಡೆ ಕೂರುತ್ತಿದ್ದ ಮಹಿಳೆ ಹಣ ಕೊಡುವ ಕಡೆ ಕೂತಳು. ಮೇಜಿನ ಈ ಬದಿಯಿಂದ ಆ ಬದಿಗೆ ಹೋಗುವುದು ಸಣ್ಣ ದೂರವಲ್ಲ.

ಇವೆಲ್ಲ ಒಬ್ಬೊಬ್ಬರ ಕತೆ. ಸಂಘಟನೆಯ ಕತೆ ಬೇರೆ, ಅಮೆರಿಕದಲ್ಲಿ ಅಂಥದ್ದೊಂದು ಶುರುವಾದದ್ದು 1987ರಲ್ಲಿ. ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಗಳ ಬಗೆಗಿನ ಒಂದು ವಿದ್ವತ್ ಸಮ್ಮೇಳನ. ನೂರಾರು ಗಂಡಸರ ನಡುವೆ ಬೆರಳೆಣಿಕೆಯ ಹೆಂಗಸರು. ಶೌಚಾಲಯದಲ್ಲಿ ಅಕಸ್ಮಾತ್ ಕೂಡಿದವರು ಮಾತಿಗಿಳಿದರು, ಮಾತು ಊಟದವರೆಗೆ ಸಾಗಿತು, ಊಟ ಮುಗಿದ ಮೇಲೂ ಪತ್ರ ವ್ಯವಹಾರ ಮುಂದುವರಿಯಲಿ ಎಂದು ಕಂಪ್ಯೂಟರ್ ವಿಜ್ಞಾನಿ ಅನಿತಾ ಬೋರ್ಗ್ ಸಿಸ್ಟರ್ಸ್ ಎಂಬ ಮಿಂಚಂಚೆ ಬಳಗ ಶುರುಮಾಡಿದರು. ಇಂಟರ್ನೆಟ್ಟು ಜನಸಾಮಾನ್ಯರಿಗೆ ತಿಳಿಯುವ ಮೊದಲಿನ ಮಾತು ಇದು. 1992ರಲ್ಲಿ ಗಣಿತದ ಪಾಠ ಕಷ್ಟ ಎಂದು ಮಾತಾಡುವ ಬಾರ್ಬಿ ಗೊಂಬೆ ಬಂದಾಗ ಪ್ರತಿಭಟಿಸಿದವರಲ್ಲಿ ಇವರೂ ಇದ್ದರು. ಕಂಪನಿ ಆ ಮಾತನ್ನು ತೆಗೆಯಿತು. 1994ರಲ್ಲಿ ಅನಿತಾ ಬೋರ್ಗ್ ಮತ್ತು ಟೆಲ್ಲಿ ವಿಟ್ನಿ ಸೇರಿ, ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಹೆಸರಿನಲ್ಲಿ ವಾಷಿಂಗ್ಟನ್‌ನಲ್ಲಿ ಮಹಿಳೆಯರ ಸಮ್ಮೇಳನ ನಡೆಸಿದರು. 2003ರಲ್ಲಿ ಅನಿತಾ ತೀರಿಕೊಂಡರು. 2010ರಲ್ಲಿ ಆ ಸಮ್ಮೇಳನದ ಭಾರತದ ಆವೃತ್ತಿ ಬೆಂಗಳೂರಿನಲ್ಲೇ ಆರಂಭವಾಯಿತು.

ನಮ್ಮಲ್ಲಿ ನೆಲ ಬರಡಾಗಿತ್ತು ಎಂದು ತಿಳಿಯಬೇಡಿ. ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘ ಅವೇಕ್ ಬೆಂಗಳೂರಿನಲ್ಲಿ ಹುಟ್ಟಿದ್ದು 1983ರಲ್ಲಿ, ಅನಿತಾ ಬೋರ್ಗ್ ಅವರ ಬಳಗಕ್ಕಿಂತ ನಾಲ್ಕು ವರ್ಷ ಮೊದಲು. ಮಧುರಾ ಛತ್ರಪತಿ ಮೊದಲಾದವರು ಕಟ್ಟಿದ ಈ ಸಂಘ ಸಣ್ಣ ಉದ್ಯಮ ನಡೆಸುವ ಹೆಂಗಸರಿಗೆ ಯೋಜನಾ ವರದಿ ಬರೆಯುವುದರಿಂದ ಹಿಡಿದು ಮಾರುಕಟ್ಟೆ ಹುಡುಕುವವರೆಗೆ ಜೊತೆಗೆ ನಿಂತಿತು. ಆದರೆ ಆಹಾರ ಸಂಸ್ಕರಣೆ, ಸಿದ್ಧ ಉಡುಪು ತಯಾರಿಸುವ ಈ ಹೆಂಗಸರಿಗೂ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳ ಮಹಿಳಾ ಅಧಿಕಾರಿಗಳಿಗೂ ನಡುವೆ ಒಂದು ಸೇತುವೆಯೂ ಸರಿಯಾಗಿ ಏಳಲಿಲ್ಲ. ಆ ರಸ್ತೆಯಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಇರುವ ದೂರಕ್ಕಿಂತ ಬೆಂಗಳೂರಿನದೇ ಕೈಗಾರಿಕಾ ಪ್ರದೇಶವಾದ ಪೀಣ್ಯಕ್ಕೆ ಇರುವ ದೂರ ಹೆಚ್ಚು ಎಂದು ಎಷ್ಟೋ ಬಾರಿ ನನಗೆ ಅನ್ನಿಸಿದೆ, ಅನ್ನಿಸಿದಾಗಲೆಲ್ಲ ನೋವಾಗಿದೆ.

ಮಾರ್ಗದರ್ಶನ, ಜಾಮೀನು ಇವೆರಡೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹಾರ್ವರ್ಡಿನ ರೋಸಬೆತ್ ಮಾಸ್ ಕ್ಯಾಂಟರ್ 1977ರ ತಮ್ಮ ಪುಸ್ತಕದಲ್ಲಿ, ಗುಂಪಿನಲ್ಲಿ ಒಬ್ಬಳೇ ಹೆಣ್ಣಾಗಿರುವುದರ ಕಷ್ಟವನ್ನು ವಿವರಿಸಿದ್ದರು. ಎಲ್ಲರ ಕಣ್ಣೂ ಅವಳ ಮೇಲೆ, ಅವಳ ತಪ್ಪು ಇಡೀ ಹೆಣ್ಣುಕುಲದ ತಪ್ಪು. ಸಂಶೋಧಕಿ ಹರ್ಮಿನಿಯಾ ಇಬಾರಾ ಮತ್ತು ಸಂಗಡಿಗರು 2010ರಲ್ಲಿ ಇನ್ನೊಂದು ಮಾತು ಸೇರಿಸಿದರು: ಕಂಪನಿಗಳಲ್ಲಿ ಹೆಂಗಸರಿಗೆ ಸಲಹೆ ಕೊಡುವವರಿಗೇನೂ ಬರವಿಲ್ಲ, ಬಡ್ತಿಯ ಪಟ್ಟಿ ತಯಾರಾಗುವ ಕೋಣೆಯಲ್ಲಿ ಅವರ ಹೆಸರು ಎತ್ತುವವರು ಕಡಿಮೆ. ಸಲಹೆ ಕೊಟ್ಟವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಹೆಸರು ಎತ್ತಿದವರು ತಮ್ಮ ಮಾನವನ್ನೇ ಪಣಕ್ಕಿಡುತ್ತಾರೆ, ಆ ವ್ಯಕ್ತಿ ಸೋತರೆ ಇವರಿಗೂ ಮುಜುಗರ. 2006ರಿಂದ ಅಮೆರಿಕದ ಫಾರ್ಚ್ಯೂನ್ ಪತ್ರಿಕೆ ಮತ್ತು ಅಲ್ಲಿನ ವಿದೇಶಾಂಗ ಇಲಾಖೆ ಸೇರಿ ಬೇರೆ ದೇಶಗಳ ಉದಯೋನ್ಮುಖ ಮಹಿಳೆಯರನ್ನು ಕೆಲವು ವಾರ ಅಮೆರಿಕದ ಹಿರಿಯ ಅಧಿಕಾರಿಣಿಯರ ಜೊತೆ ಇರಿಸುವ ಕಾರ್ಯಕ್ರಮ ನಡೆಸಿದವು. ಒಳ್ಳೆಯ ಕಾರ್ಯಕ್ರಮ ಅದು. ಆದರೆ ಇಂಥದ್ದನ್ನು ಅಳೆಯಬೇಕಾದ ಪ್ರಶ್ನೆ ಒಂದೇ: ಆ ಮಹಿಳೆ ಊರಿಗೆ ಮರಳಿದ ಮೇಲೆ ಆ ಹಿರಿಯರು ಅವಳಿಗಾಗಿ ಯಾರಿಗಾದರೂ ಫೋನ್ ಮಾಡಿದರೇ?

ಗಡಿಯಾರದ ವಿಷಯ ಹೇಳದೆ ಈ ಉಪನ್ಯಾಸ ಪೂರ್ತಿಯಾಗದು. ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಅಲ್ಲಿ ಬೆಳಿಗ್ಗೆ ಎಂಟಾದರೆ ಇಲ್ಲಿ ರಾತ್ರಿ ಎಂಟೂವರೆ ಅಥವಾ ಒಂಬತ್ತೂವರೆ. ಎರಡು ದೇಶಗಳ ನಡುವಿನ ಸಭೆಗಳು ಬೀಳುವುದು ಈ ಹೊತ್ತಿಗೇ. ನಮ್ಮ ಮನೆಗಳಲ್ಲಿ ಇದು ಯಾವ ಹೊತ್ತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಅನ್ನ ಬಡಿಸಬೇಕು, ಮಗುವಿನ ಹೋಮ್‌ವರ್ಕ್ ನೋಡಬೇಕು, ಅತ್ತೆಯ ಮಾತ್ರೆ ಕೊಡಬೇಕು. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಭಾರತೀಯ ಮಹಿಳೆ ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಿದ್ದಳು, ಅಂಥ ಕೆಲಸ ಮಾಡುವ ಗಂಡಸು 97 ನಿಮಿಷ. ಹಾಗಾಗಿ ಎರಡು ದೇಶಗಳ ಸಂಬಂಧ ಕಟ್ಟುವ ಅವಕಾಶ ಎಲ್ಲರಿಗೂ ಮುಕ್ತ ಎಂದು ಕಂಪನಿ ಹೇಳಿದಾಗ, ಆ ಮುಕ್ತ ಬಾಗಿಲು ರಾತ್ರಿ ಒಂಬತ್ತೂವರೆಗೆ ತೆರೆಯುತ್ತದೆ ಎಂಬುದನ್ನು ಸೇರಿಸಿಕೊಳ್ಳಬೇಕು. ಆ ಸಭೆಗೆ ಬಂದವರ ಮುಖ ಅಮೆರಿಕದ ಮೇಲಧಿಕಾರಿಗೆ ಪರಿಚಿತವಾಗುತ್ತದೆ, ಪರಿಚಿತ ಮುಖಕ್ಕೆ ಜಾಮೀನು ಸುಲಭ.

ಕಾನೂನೂ ಈ ಗಡಿಯಾರದ ಜೊತೆ ಗುದ್ದಾಡಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೆಂಗಸರು ರಾತ್ರಿ ಪಾಳಿಯಲ್ಲಿ ದುಡಿಯುವುದನ್ನು ನಿಷೇಧಿಸಿತ್ತು. ಮಾಹಿತಿ ತಂತ್ರಜ್ಞಾನದವರಿಗೆ ಷರತ್ತಿನ ವಿನಾಯಿತಿ ಸಿಕ್ಕಿತು. 2020ರ ತಿದ್ದುಪಡಿ ಉಳಿದ ಸಂಸ್ಥೆಗಳಿಗೂ ಸಾರಿಗೆ, ಸುರಕ್ಷತೆಯ ಷರತ್ತಿನೊಂದಿಗೆ ಅನುಮತಿ ಕೊಟ್ಟಿತು. ಅನುಮತಿ ಸಿಕ್ಕಿತು, ಸಮಯ ಸಿಗಲಿಲ್ಲ. ವಾರದಲ್ಲಿ ಅರ್ಧ ಸಭೆಗಳನ್ನು ಬೆಂಗಳೂರಿನ ಬೆಳಗಿಗೆ, ಅಂದರೆ ಕ್ಯಾಲಿಫೋರ್ನಿಯಾದ ಸಂಜೆಗೆ ಇಡುವುದು ಯಾವ ಕಾನೂನಿಲ್ಲದೆಯೂ ಸಾಧ್ಯ. ಅಧಿಕಾರ ಕೈಯಲ್ಲಿರುವ ಮಹಿಳೆ ತನ್ನ ಕೆಳಗಿನವರಿಗಾಗಿ ಮಾಡಬಹುದಾದ ಅತ್ಯಂತ ದೊಡ್ಡ ಉಪಕಾರ ಇದೇ ಇರಬಹುದು ಎಂದು ನಾನು ನಂಬಿದ್ದೇನೆ.

ವ್ಯವಹಾರದ ಎರಡೂ ತುದಿಗಳಲ್ಲಿ ಮಹಿಳೆಯರಿದ್ದರೆ ಏನಾಗುತ್ತದೆ? ಇದಕ್ಕೆ ನಮ್ಮ ಬೆಂಗಳೂರಿನದೇ ದೊಡ್ಡ ಉದಾಹರಣೆಯಿದೆ. 2009ರಲ್ಲಿ ಬಯೋಕಾನ್ ಅಮೆರಿಕದ ಮೈಲಾನ್ ಜೊತೆ ಜೈವಿಕ ಔಷಧಗಳ ಒಪ್ಪಂದ ಮಾಡಿಕೊಂಡಿತು. 2012ರಲ್ಲಿ ಹೆದರ್ ಬ್ರೆಶ್ ಮೈಲಾನ್‌ನ ಮುಖ್ಯಸ್ಥೆಯಾದರು. ಅಲ್ಲಿಂದ ಈ ದೀರ್ಘ ಪಾಲುದಾರಿಕೆಯ ಒಂದು ತುದಿಯಲ್ಲಿ ಕಿರಣ್ ಮಜುಂದಾರ್ ಷಾ, ಇನ್ನೊಂದು ತುದಿಯಲ್ಲಿ 2020ರವರೆಗೆ ಹೆದರ್ ಬ್ರೆಶ್ ಇದ್ದರು. ಅವರ ಕೈಯಲ್ಲಿದ್ದ ಔಷಧಗಳಲ್ಲಿ ಮುಖ್ಯವಾದದ್ದು ಟ್ರಾಸ್ಟುಜುಮಾಬ್, ಒಂದು ಬಗೆಯ ಸ್ತನ ಕ್ಯಾನ್ಸರಿಗೆ ಕೊಡುವ ಔಷಧ. ಮೂಲ ಔಷಧಕ್ಕೆ ಅಮೆರಿಕದಲ್ಲಿ 1998ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಆದರೆ ಅದರ ಬೆಲೆ ನಮ್ಮ ಮಧ್ಯಮ ವರ್ಗದ ಮನೆಯನ್ನೂ ಮಾರಿಸುವಂಥದ್ದಾಗಿತ್ತು. ಜೀವಕೋಶಗಳಲ್ಲಿ ಬೆಳೆಸುವ ಇಂಥ ಔಷಧದ ಪ್ರತಿರೂಪ ತಯಾರಿಸುವುದು ಸಾಮಾನ್ಯ ಮಾತ್ರೆಯ ನಕಲಿನಷ್ಟು ಸುಲಭವಲ್ಲ, ವರ್ಷಗಳ ಪ್ರಯೋಗ ಬೇಕು. 2014ರಲ್ಲಿ ಬಯೋಕಾನ್ ಅದನ್ನು ಭಾರತದ ಮಾರುಕಟ್ಟೆಗೆ ಕಡಿಮೆ ಬೆಲೆಗೆ ತಂದಿತು. 2017ರ ಡಿಸೆಂಬರ್ 1ರಂದು ಅಮೆರಿಕದ ಔಷಧ ನಿಯಂತ್ರಕರು ಇಬ್ಬರ ಜಂಟಿ ಔಷಧಕ್ಕೆ ಒಪ್ಪಿಗೆ ಕೊಟ್ಟರು. ಆ ದೇಶದಲ್ಲಿ ಟ್ರಾಸ್ಟುಜುಮಾಬ್‌ಗೆ ಒಪ್ಪಿಗೆ ಪಡೆದ ಮೊದಲ ಜೈವಿಕ ಪ್ರತಿರೂಪ ಅದು. ಪ್ರಯೋಗಾಲಯ ಇಲ್ಲಿ, ಮಾರುಕಟ್ಟೆ ಅಲ್ಲಿ, ಎರಡೂ ಕಡೆ ರೋಗಿಗಳು. 2022ರಲ್ಲಿ ಮೈಲಾನ್‌ನ ಉತ್ತರಾಧಿಕಾರಿ ವಿಯಾಟ್ರಿಸ್‌ನ ಈ ವಿಭಾಗವನ್ನು ಬಯೋಕಾನ್ ಬಯೋಲಾಜಿಕ್ಸ್ ಮುನ್ನೂರು ಕೋಟಿ ಡಾಲರಿಗೂ ಮೀರಿದ ಒಪ್ಪಂದದಲ್ಲಿ ತನ್ನದಾಗಿಸಿಕೊಂಡಿತು.

ಈ ಕತೆಯ ಇನ್ನೊಂದು ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. ಅದೇ ಮೈಲಾನ್ ಅಲರ್ಜಿಯ ಆಘಾತದಿಂದ ಜೀವ ಉಳಿಸುವ ಎಪಿಪೆನ್ ಚುಚ್ಚುಮದ್ದಿನ ಜೋಡಿಯ ಬೆಲೆಯನ್ನು 2007ರಿಂದ 2016ರ ನಡುವೆ ಸುಮಾರು ನೂರು ಡಾಲರಿನಿಂದ ಆರುನೂರಕ್ಕೂ ಮೇಲೆ ಏರಿಸಿತು, ಹೆದರ್ ಬ್ರೆಶ್ ಅಮೆರಿಕದ ಸಂಸತ್ ಸಮಿತಿಯ ಮುಂದೆ ಉತ್ತರ ಹೇಳಬೇಕಾಯಿತು. ಮಹಿಳೆ ಮೇಲೆ ಬಂದರೆ ವ್ಯಾಪಾರಕ್ಕೆ ತಾಯಿಗರುಳು ಬರುತ್ತದೆ ಎಂಬ ವಾದವನ್ನು ನಾನು ಯಾವತ್ತೂ ಒಪ್ಪಿಲ್ಲ. ಸಮಾನ ಅವಕಾಶ ಕೇಳಲು ಹೆಣ್ಣು ದೇವತೆಯಾಗಬೇಕಿಲ್ಲ. ಗಂಡಸರಿಂದ ನಾವು ಆ ಪ್ರಮಾಣಪತ್ರ ಎಂದೂ ಕೇಳಿದವರಲ್ಲ.

ನಿರ್ದೇಶಕ ಮಂಡಳಿಗಳ ಕಾನೂನಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ನಮ್ಮ 2013ರ ಕಂಪನಿ ಕಾಯ್ದೆ ಷೇರುಪೇಟೆಯ ಕಂಪನಿಗಳಲ್ಲಿ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಇರಬೇಕೆಂದಿತು. ಹಲವು ಕಂಪನಿಗಳು ಮಾಲೀಕರ ಹೆಂಡತಿ, ಮಗಳನ್ನೇ ಕೂರಿಸಿದವು. ಆಗ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2019ರ ಏಪ್ರಿಲ್‌ನಿಂದ ಮೊದಲ 500 ಕಂಪನಿಗಳಲ್ಲಿ, 2020ರಿಂದ ಮೊದಲ 1000 ಕಂಪನಿಗಳಲ್ಲಿ ಸ್ವತಂತ್ರ ಮಹಿಳಾ ನಿರ್ದೇಶಕಿಯನ್ನು ಕಡ್ಡಾಯ ಮಾಡಿತು. ಕ್ಯಾಲಿಫೋರ್ನಿಯಾ 2018ರಲ್ಲಿ ಇಂಥದ್ದೇ ಕಾನೂನು ತಂದಿತು, 2022ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ರದ್ದುಮಾಡಿತು. ಈ ಒಂದು ವಿಷಯದಲ್ಲಿ ನಮ್ಮ ಕಾನೂನು ಅವರದಕ್ಕಿಂತ ಗಟ್ಟಿಯಾಗಿ ನಿಂತಿದೆ. ಆದರೂ ಒಂದೇ ಹೆಸರು ಹಲವು ಮಂಡಳಿಗಳಲ್ಲಿ ಕಾಣಿಸುತ್ತದೆ, ಏಕೆಂದರೆ ಹೆಸರು ಹುಡುಕುವವರ ಪರಿಚಯದ ವಲಯ ಅಷ್ಟೇ ಕಿರಿದು.

ಆ ವಲಯದ ಹೊರಗೆ ಯಾರಿದ್ದಾರೆ? ಈ ಹೊತ್ತು ನಾನು ಹೆಸರಿಸಿದ ಬಹುತೇಕರು ಇಂಗ್ಲಿಷ್ ಬಲ್ಲ, ಓದಿದ ಮನೆಗಳಿಂದ ಬಂದವರು. ರಾಧಾ ಬಸು ಅವರ ಮುಂದಿನ ಕೆಲಸವನ್ನು ಇದಕ್ಕಾಗಿಯೇ ನಾನು ಗೌರವಿಸುತ್ತೇನೆ. ಅವರು ಕಟ್ಟಿದ ಐಮೆರಿಟ್ ಸಂಸ್ಥೆ ಕೋಲ್ಕತ್ತದ ಮಟಿಯಾಬ್ರುಜ್‌ನಂಥ ಬಡ ಮುಸ್ಲಿಂ ಬಡಾವಣೆಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಅಮೆರಿಕದ ಕಂಪನಿಗಳ ಕೃತಕ ಬುದ್ಧಿಮತ್ತೆಗೆ ದತ್ತಾಂಶ ಸಿದ್ಧಪಡಿಸುವ ಕೆಲಸಕ್ಕೆ ಹಚ್ಚಿತು. ಅಲ್ಲಿ ದುಡಿಯುವವರಲ್ಲಿ ಅರ್ಧಕ್ಕೂ ಹೆಚ್ಚು ಹೆಂಗಸರು.

ಇನ್ನೊಂದು ಗುಂಪು ನಮಗೆ ತೀರ ಹತ್ತಿರದ್ದು. ಗಂಡನ ಎಚ್-1ಬಿ ವೀಸಾದ ಜೊತೆ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದ ಹೆಣ್ಣುಮಕ್ಕಳು. ಇಲ್ಲಿ ಎಂಜಿನಿಯರ್, ವೈದ್ಯೆ, ಲೆಕ್ಕಪರಿಶೋಧಕಿ; ಅಲ್ಲಿ ಸಂಬಳದ ಕೆಲಸ ಮಾಡುವಂತಿರಲಿಲ್ಲ. 2015ರ ಮೇ ತಿಂಗಳಲ್ಲಿ, ಗಂಡನ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಯೂ ದುಡಿಯಬಹುದೆಂಬ ನಿಯಮ ಬಂತು. ಅನುಮತಿ ಪಡೆದವರಲ್ಲಿ ಬಹುಪಾಲು ಭಾರತದ ಮಹಿಳೆಯರೇ. ಅದರ ವಿರುದ್ಧದ ಮೊಕದ್ದಮೆ ವರ್ಷಗಟ್ಟಲೆ ನಡೆದು, 2024ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. ದುಡಿಯಲು ಅನುಮತಿ ಇಲ್ಲದ ವರ್ಷಗಳಲ್ಲಿ ಈ ಹೆಣ್ಣುಮಕ್ಕಳು ಏನು ಮಾಡಿದರು ಎಂದು ಅಮೆರಿಕದ ಯಾವುದೇ ಕನ್ನಡ ಕೂಟದಲ್ಲಿ ಕೇಳಿ ನೋಡಿ. ಯುಗಾದಿಗೆ, ರಾಜ್ಯೋತ್ಸವಕ್ಕೆ ನೂರಾರು ಜನರ ಊಟ, ವೇದಿಕೆ, ಲೆಕ್ಕಪತ್ರ, ಪ್ರಾಯೋಜಕರು, ಭಾನುವಾರದ ಕನ್ನಡ ಶಾಲೆ, ಇದರ ಎಷ್ಟು ಭಾರ ಅವರ ಹೆಗಲ ಮೇಲಿದೆ ಎಂದು ತಿಳಿಯುತ್ತದೆ. ಜನರನ್ನು ಕೂಡಿಸುವ, ಹಣ ಹೊಂದಿಸುವ, ಹೊಣೆ ಹಂಚುವ ಈ ಕೆಲಸವನ್ನು ಕಂಪನಿಯಲ್ಲಿ ಮಾಡಿದ್ದರೆ ಅದಕ್ಕೆ ನಿರ್ವಹಣೆ ಎಂಬ ಹೆಸರು ಸಿಗುತ್ತಿತ್ತು.

ಇವರಲ್ಲಿ ಕೆಲವರು ಬೆಂಗಳೂರಿಗೆ, ಮೈಸೂರಿಗೆ ಮರಳುತ್ತಾರೆ. ಸಂದರ್ಶನದಲ್ಲಿ ಆ ವರ್ಷಗಳನ್ನು ಖಾಲಿ ಎಂದು ಗುರುತು ಹಾಕಿಕೊಳ್ಳಲಾಗುತ್ತದೆ. ಕೆಲಸ ಬಿಟ್ಟು ಮತ್ತೆ ಬರುವ ಮಹಿಳೆಯರಿಗಾಗಿ ಟಾಟಾ ಸಮೂಹ 2008ರಲ್ಲೇ ಒಂದು ಯೋಜನೆ ಆರಂಭಿಸಿತು, ಬೇರೆ ಕಂಪನಿಗಳೂ ಅದೇ ಹಾದಿ ಹಿಡಿದವು. ಆ ಯೋಜನೆಗಳ ಅರ್ಜಿ ನಮೂನೆಯಲ್ಲಿ ವಿದೇಶದಲ್ಲಿ ಸಂಬಳವಿಲ್ಲದೆ ನಡೆಸಿದ ಸಂಘಟನೆಯ ಕೆಲಸಕ್ಕೆ ಒಂದು ಅಂಕಣ ಇರಲಿ, ಅದನ್ನು ದೃಢೀಕರಿಸಿ ಆ ಕನ್ನಡ ಕೂಟದ ಅಧ್ಯಕ್ಷರು ಬರೆದ ಪತ್ರಕ್ಕೆ ಹಳೆಯ ಮೇಲಧಿಕಾರಿಯ ಪತ್ರದಷ್ಟೇ ಬೆಲೆ ಸಿಗಲಿ ಎಂಬುದು ಈ ಸಭೆಯಲ್ಲಿರುವ ಉದ್ಯಮದ ಹಿರಿಯರಲ್ಲಿ ನನ್ನ ಕೋರಿಕೆ.